ಅಮಾವಾಸ್ಯೆಗೊಮ್ಮೆ ಮರೆಯುವ ಸರ್ವರ್

ಪರದೆಯ ಮೇಲೆ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಬಂದರೆ ಪಾಸ್‌ವರ್ಡೇ ತಪ್ಪಾಗಿದೆ ಎಂದು ನಂಬುವ ಜನ ಇರುವತನಕ ನನ್ನಂಥವಳಿಗೆ ಕೆಲಸಕ್ಕೆ ಬರವಿಲ್ಲ. ನಂಜನಗೂಡಿನ ಹತ್ತಿರದ ತಾಂಡ್ಯದ ಕಾರ್ಖಾನೆಗಳಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕಸುಬು. ಕಾರ್ಖಾನೆಯವರು ಒರಟರು, ಮೇಡಂ ಎಂದು ಕರೆದೇ ಬೈಯುತ್ತಾರೆ. ಆದರೆ ಯಂತ್ರ ನಿಂತರೆ ಏಕೆ ನಿಂತಿತು ಎಂದು ಕೇಳುವಷ್ಟು ಬುದ್ಧಿ ಅವರಿಗಿದೆ. ನಾನು ಹೇಳಹೊರಟಿರುವುದು ಅಷ್ಟೂ ಇಲ್ಲದ, ಆದರೆ ಬಹಳ ಓದಿಕೊಂಡ ಇಬ್ಬರು ಮಹನೀಯರ ಜೊತೆ ಏಗಿದ ಸಂಗತಿ.

ನಂಜನಗೂಡಿನಲ್ಲಿ ಒಂದು ಧರ್ಮಸಂಸ್ಥೆಯ ಆಸ್ಪತ್ರೆಯಿದೆ. ಅದೇ ಸಂಸ್ಥೆಯ ಡಯಾಲಿಸಿಸ್ ಕೇಂದ್ರ ತಿ. ನರಸೀಪುರದಲ್ಲಿ. ಕಿಡ್ನಿ ಕೆಟ್ಟವರು ವಾರಕ್ಕೆ ಎರಡು ಮೂರು ಸಲ ಅಲ್ಲಿಗೆ ಬಂದು, ಅರ್ಧ ದಿನ ಯಂತ್ರದ ಪಕ್ಕ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಹೋಗುತ್ತಾರೆ. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಹೋದ ಸಲ ತೂಕ ಎಷ್ಟಿತ್ತು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಎಷ್ಟು, ಇವೆಲ್ಲ ನಂಜನಗೂಡಿನ ಡೇಟಾಬೇಸಿನಲ್ಲಿ ಕೂತಿರುತ್ತವೆ. ನರಸೀಪುರದಲ್ಲಿರುವುದು ಒಂದು ವೆಬ್ ಸರ್ವರ್ ಮಾತ್ರ. ಅದು ನಂಜನಗೂಡಿನ ಬಾಗಿಲು ತಟ್ಟಿ, ತನ್ನ ಹೆಸರು ಮತ್ತು ಪಾಸ್‌ವರ್ಡ್ ಹೇಳಿ, ವಿವರ ತಂದು ಪರದೆಗೆ ಹಾಕಬೇಕು. ಬಾಗಿಲು ತೆರೆಯದಿದ್ದರೆ ರೋಗಿ ಯಂತ್ರ ಹತ್ತುವಂತಿಲ್ಲ. ಹಾಗೆಂದು ಆಡಳಿತಾಧಿಕಾರಿಗಳ ಆಜ್ಞೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅವರು ಬಾಗಿಲ ಮೇಲಿನ ಹಿತ್ತಾಳೆ ಫಲಕ ತೋರಿಸಿದರು. ‘ಕಾಗದರಹಿತ ಕೇಂದ್ರ’ ಎಂದು ಕೊರೆಸಿದ್ದರು. ಉದ್ಘಾಟನೆಗೆ ದೊಡ್ಡವರು ಬಂದಿದ್ದರಂತೆ. ಫಲಕದ ಮರ್ಯಾದೆ ಮುಂದೆ ರೋಗಿಯ ಉಸಿರು ಯಾವ ಲೆಕ್ಕ.

ಈ ಆಡಳಿತಾಧಿಕಾರಿಗಳೇ ಆ ಇಬ್ಬರು ಮಹನೀಯರಲ್ಲಿ ಮೊದಲನೆಯವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಾವ ವಿಷಯಕ್ಕೂ ಅವರಲ್ಲಿ ಒಂದು ಸಿದ್ಧ ವಿವರಣೆ ಇರುತ್ತಿತ್ತು, ಅದು ಆ ವಿಷಯಕ್ಕೆ ಸಂಬಂಧಿಸಿದ್ದಾಗಿರಬೇಕೆಂಬ ಹಟ ಅವರಿಗಿರಲಿಲ್ಲ. ಮೊದಲ ಸಲ ಅವರು ಫೋನ್ ಮಾಡಿದ್ದು ಹೀಗೆ:

“ಮೇಡಂ, ನಮ್ಮ ಸಿಸ್ಟಂಗೆ ದೃಷ್ಟಿ ಆಗಿದೆ ಅನ್ಸುತ್ತೆ. ಹೊಸ ಸರ್ವರ್ ತಂದಾಗಿಂದ ಅಮಾವಾಸ್ಯೆ ಅಮಾವಾಸ್ಯೆಗೆ ನರಸೀಪುರ ಓಪನ್ನೇ ಆಗ್ತಿಲ್ಲ.”

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡು ನಂಜನಗೂಡಿಗೆ ಹೋದೆ. ಆಸ್ಪತ್ರೆಯ ಹಿಂಬದಿಯ ಉಗ್ರಾಣದಲ್ಲಿ ಸರ್ವರ್ ಇತ್ತು. ಬಾಗಿಲಲ್ಲಿ ಒಡೆದ ಬೂದುಗುಂಬಳದ ಹೋಳುಗಳು, ಅದರ ಮೇಲೆ ಕುಂಕುಮದ ರಾಡಿ. ಒಳಗೆ ಯಂತ್ರಕ್ಕೆ ಮೂರು ಗೆರೆ ವಿಭೂತಿ, ಫ್ಯಾನಿನ ಜಾಲರಿಯ ಮೇಲೆ ಕುಂಕುಮ, ಅದರ ಮೇಲೆ ಚೆಂಡುಹೂವಿನ ಹಾರ. ಬಿಸಿಗಾಳಿ ಹೊರಹೋಗುವ ಜಾಗಕ್ಕೇ ಹಾರ ಹಾಕಿದ್ದರಿಂದ ಹೂವು ಆಗಲೇ ಬಾಡಿತ್ತು. ನಾನು ಹಾರ ತೆಗೆದು ಪಕ್ಕಕ್ಕಿಟ್ಟೆ. ಆಡಳಿತಾಧಿಕಾರಿಗಳು ಅದನ್ನು ತೆಗೆದು ಮತ್ತೆ ಹಾಕಿದರು.

ಲ್ಯಾಪ್‌ಟಾಪ್ ತೆರೆದು, ವೆಬ್ ಸರ್ವರ್ ಬಳಸುವ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಡೇಟಾಬೇಸಿಗೆ ಹೋದೆ. ಬಾಗಿಲು ತಕ್ಷಣ ತೆರೆಯಿತು. ಪಾಸ್‌ವರ್ಡ್ ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನರಸೀಪುರದ ಕೇಂದ್ರದ ಟೆಕ್ನಿಷಿಯನ್ ಹುಡುಗಿ ಫೋನ್ ಮಾಡಿದಳು.

“ಬಂತು ಮೇಡಂ! ಓಪನ್ ಆಯ್ತು!”

ನಾನು ಏನನ್ನೂ ಮಾಡಿರಲಿಲ್ಲ. ಬಾಗಿಲು ತೆರೆಯುತ್ತದೆಯೇ ಎಂದು ನೋಡಿದ್ದೆ, ಅಷ್ಟೆ. ಆಡಳಿತಾಧಿಕಾರಿಗಳು ಕೈಮುಗಿದು, “ಕೈಗುಣ ಅಂದ್ರೆ ಇದು ಕಣ್ರೀ” ಎಂದು ಪಕ್ಕದವರಿಗೆ ಹೇಳಿ ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಕೆಟ್ಟ ಯಂತ್ರವನ್ನು ನಾನು ಸಹಿಸಬಲ್ಲೆ. ಕಾರಣ ಹೇಳದೆ ಸರಿಹೋಗುವ ಯಂತ್ರವನ್ನು ಕಂಡರೆ ನನಗೆ ಆಗುವುದಿಲ್ಲ.

ಮರುದಿನ ಆ ತಂತ್ರಾಂಶ ಬರೆದ ಮೈಸೂರಿನ ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದೆ. ಮಹಾಶಯನಿಗೆ ಯಾವ ಗೊಂದಲವೂ ಇರಲಿಲ್ಲ.

“ಅದು ಹಂಗೇ ಮೇಡಂ. ಆಗಾಗ ಪಾಸ್‌ವರ್ಡ್ ಎಕ್ಸ್‌ಪೈರ್ ಆಗ್ತಿರುತ್ತೆ. ನಾನು ಎರಡೂ ಕಡೆ ಚೇಂಜ್ ಮಾಡಿ, ನನ್ನ ಲ್ಯಾಪ್‌ಟಾಪಿಂದ ಒಂದ್ಸಲ ಲಾಗಿನ್ ಆಗಿ ಟೆಸ್ಟ್ ಮಾಡ್ತೀನಿ. ಅಷ್ಟ್ರಲ್ಲಿ ಅಲ್ಲಿ ಸರಿ ಹೋಗಿರುತ್ತೆ.”

“ಬೆಳಿಗ್ಗೆ ಕೆಟ್ರೆ ಯಾವಾಗ ಚೇಂಜ್ ಮಾಡ್ತೀರಿ?”

“ಮಧ್ಯಾಹ್ನ ಊಟ ಆದ್ಮೇಲೆ ಮೇಡಂ. ಬೆಳಿಗ್ಗೆ ನಮ್ಗೆ ಮೀಟಿಂಗ್ ಇರುತ್ತೆ.”

ಡೇಟಾಬೇಸಿನಲ್ಲಿ ನೋಡಿದೆ. ಆ ಹೆಸರಿನ ಪಾಸ್‌ವರ್ಡಿಗೆ ಅವಧಿಯೇ ಇಲ್ಲ, ಎಂದೆಂದಿಗೂ ನಡೆಯುತ್ತದೆ. ಎಂದರೆ ಈ ಮನುಷ್ಯ ಎತ್ತಿಗೆ ಜ್ವರ ಬಂದಾಗಲೆಲ್ಲ ಎಮ್ಮೆಗೆ ಬರೆ ಹಾಕುತ್ತಿದ್ದ, ಎತ್ತಿನ ಜ್ವರ ಬಿಟ್ಟಾಗಲೆಲ್ಲ ಎಮ್ಮೆಯ ಬೆನ್ನು ತಟ್ಟುತ್ತಿದ್ದ. ಇಂಥವರು ಬರೆದ ತಂತ್ರಾಂಶದ ಮೇಲೆ ಒಂದು ತಾಲ್ಲೂಕಿನ ಕಿಡ್ನಿಗಳು ನಿಂತಿವೆ ಎಂದು ನೆನೆದರೆ ನೀರು ಕುಡಿಯಲೂ ಭಯವಾಗುತ್ತದೆ.

ತೊಂದರೆಯಿರುವುದು ನರಸೀಪುರದಲ್ಲಿ, ನಾನು ಹುಡುಕಿದ್ದು ನಂಜನಗೂಡಿನಲ್ಲಿ. ಮುಂದಿನ ಅಮಾವಾಸ್ಯೆಗೆ ಬೆಳಿಗ್ಗೆ ಬೇಗ ಸ್ಕೂಟರ್ ಹತ್ತಿ ನರಸೀಪುರಕ್ಕೇ ಹೋಗಿ ಕೂತೆ. ಅಮಾವಾಸ್ಯೆಯನ್ನು ನಂಬಿ ಹೋದದ್ದಲ್ಲ. ಆಡಳಿತಾಧಿಕಾರಿಗಳ ಮಾತು ಸುಳ್ಳೆಂದು ಅವರ ಮುಖಕ್ಕೆ ಹೇಳಬೇಕಿತ್ತು. ಆ ಸಂತೋಷ ನನಗೆ ಸಿಗಲಿಲ್ಲ. ನಾನು ಹೋಗುವಷ್ಟರಲ್ಲಿ ಪರದೆಯ ಮೇಲೆ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದು ಬಂದಾಗಿತ್ತು.

ಹೊರಗಿನ ಬೆಂಚಿನ ಮೇಲೆ ಬೆಳಗಿನ ಪಾಳಿಯ ರೋಗಿಗಳು ಕೂತಿದ್ದರು. ಅವರಲ್ಲೊಬ್ಬರು ತಲಕಾಡಿನ ಕಡೆಯ ಹಳ್ಳಿಯವರು, ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮುಖ ಊದಿತ್ತು, ಕಾಲು ಊದಿ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದ್ದರು. ಹೆಂಡತಿ ಪಕ್ಕದಲ್ಲಿ ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಕಂಡಕ್ಟರ್ ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರೂ ನನ್ನನ್ನು ಕಂಡ ಕೂಡಲೇ ಸರಿದು ಜಾಗ ಮಾಡಿಕೊಟ್ಟರು.

“ಬನ್ನಿ ಮೇಡಮ್ನೋರೇ, ಇಲ್ಲಿ ಒಬ್ರು ಕೂರ್‌ಬೋದು. ಕಂಪೂಟ್ರು ರಿಪೇರಿಯೋರಾ?”

“ಹೌದು.”

“ರಿಪೇರಿ ಆಗಕಿಲ್ಲ ಬುಡಿ. ಇವತ್ತು ಅಮಾಸೆ. ಓದ್ ಅಮಾಸೇಲೂ ನನ್ನ ಪಾಳಿನೇ, ಇಂಗೇ ವಾಪಸ್ ಕಳ್ಸುದ್ರು. ಆವತ್ತು ರಾತ್ರಿ ಮನೀಕಳಕೇ ಆಗ್ನಿಲ್ಲ, ಗ್ವಾಡೆಗೆ ಒರಗ್ಕಂಡೇ ಕುಂತಿದ್ದೆ. ನನ್ ಮೈಗೂ ಅಮಾಸೆಗೂ ಆಗಕಿಲ್ಲ ಕಣವ್ವ.”

ಹೋದ ಸಲ ನಾನು ನಂಜನಗೂಡಿಗೆ ಹೋಗಿ ಕೈಗುಣ ತೋರಿಸುವಷ್ಟರಲ್ಲಿ ಈತ ಬಸ್ಸು ಹತ್ತಿ ಊರಿಗೆ ಹೊರಟಾಗಿತ್ತು. ಒಳಗೆ ಹೋಗಿ ಟೆಕ್ನಿಷಿಯನ್ ಹುಡುಗಿಯನ್ನು ಕೇಳಿದೆ, ಆತನ ತೂಕ ನಿನಗೆ ನೆನಪಿಲ್ಲವೇ, ಶುರು ಮಾಡಬಾರದೇ ಎಂದು.

“ಅಂದಾಜಿಗೆ ನೆನಪಿದೆ ಮೇಡಂ. ಅಂದಾಜಿಗೆ ಮಾಡೋ ಕೆಲ್ಸ ಅಲ್ಲ ಇದು. ಕಂಪ್ಯೂಟರ್ ತೋರಿಸ್ದೆ ಯಾರನ್ನೂ ಹಾಕಬೇಡಿ ಅಂತ ಸಾಹೇಬ್ರು ಹೇಳವ್ರೆ. ಎಚ್ಚು ಕಮ್ಮಿ ಆದ್ರೆ ನಾನು ತಾನೇ ಜೈಲಿಗೆ ಓಗಬೇಕಾದೋಳು?” ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ನಾನು ಆ ಇಂಜಿನಿಯರನ ತಂತ್ರಾಂಶವನ್ನು ಬದಿಗಿಟ್ಟು, ವೆಬ್ ಸರ್ವರಿನಿಂದಲೇ ನೇರವಾಗಿ ಡೇಟಾಬೇಸಿನ ಬಾಗಿಲು ತಟ್ಟಿದೆ. ಆಗ ನಿಜವಾದ ಉತ್ತರ ಬಂತು. ಸುರಕ್ಷಿತ ಸಂಪರ್ಕ ಇಲ್ಲದೆ ನಿನ್ನನ್ನು ಗುರುತಿಸಲಾರೆ ಎಂಬರ್ಥದ ಒಂದು ಸಾಲು. ಇಷ್ಟು ಕಾಲ ಡೇಟಾಬೇಸ್ ಸ್ಪಷ್ಟವಾಗಿ ಇದನ್ನೇ ಹೇಳುತ್ತಿತ್ತು. ನಮ್ಮ ಇಂಜಿನಿಯರ್ ಮಾತ್ರ, ಬಾಗಿಲು ಯಾವ ಕಾರಣಕ್ಕೆ ತೆರೆಯದಿದ್ದರೂ ಜನಕ್ಕೆ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂದೇ ಹೇಳು ಎಂದು ತನ್ನ ತಂತ್ರಾಂಶಕ್ಕೆ ಕಲಿಸಿಟ್ಟಿದ್ದ. ಲೈನ್ ಕಡಿದರೂ ಅದೇ, ಸರ್ವರ್‌ಗೆ ಬೆಂಕಿ ಬಿದ್ದರೂ ಅದೇ.

ಆ ಸಾಲು ಸಿಕ್ಕ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ದಿನವೂ ತೆರೆಯುವ ಬಾಗಿಲು ಇವತ್ತೇಕೆ ತೆರೆಯಲಿಲ್ಲ? ನನ್ನದೇ ಬೇರೆ ಹೆಸರಿನಿಂದ ಡೇಟಾಬೇಸಿಗೆ ಹೋಗಿ, ಅದು ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂದು ಕೇಳಿದೆ. ಅದು ಆವತ್ತು ಬೆಳಿಗ್ಗೆಯಷ್ಟೇ ಶುರುವಾಗಿತ್ತು. ಆಡಳಿತಾಧಿಕಾರಿಗಳಿಗೆ ಫೋನ್ ಹಚ್ಚಿದೆ.

“ಸಾರ್, ಬೆಳಿಗ್ಗೆ ನಂಜನಗೂಡಲ್ಲಿ ಕರೆಂಟ್ ಹೋಗಿತ್ತಾ?”

“ಇಲ್ವಲ್ಲ ಮೇಡಂ.”

“ಮತ್ತೆ ಸರ್ವರ್ ಯಾರು ಆಫ್ ಮಾಡಿದ್ದು?”

“ಓ ಅದಾ! ಪೂಜೆಗೆ ಮುಂಚೆ ನಾವೇ ಆಫ್ ಮಾಡ್ತೀವಿ. ಓಡ್ತಿರೋ ಯಂತ್ರಕ್ಕೆ ಮಂಗಳಾರತಿ ಎತ್ತೋಕಾಗುತ್ಯೇ? ಆಯುಧಪೂಜೇಲಿ ಇಂಜಿನ್ ಆಫ್ ಮಾಡಿ ತಾನೇ ಲಾರಿಗೆ ಪೂಜೆ ಮಾಡೋದು. ಒದ್ದೆಬಟ್ಟೇಲಿ ಒರೆಸಿ, ವಿಭೂತಿ ಹಚ್ಚಿ, ಕುಂಬಳಕಾಯಿ ಒಡೆದು, ಆಮೇಲೆ ಆನ್ ಮಾಡ್ತೀವಿ. ಅಮಾವಾಸ್ಯೆಗೆ ಕೆಡುತ್ತೆ ಅಂತ ಗೊತ್ತಾದ್ಮೇಲೆ ಒಂದು ಅಮಾವಾಸ್ಯೇನೂ ತಪ್ಪಿಸಿಲ್ಲ.”

“ಅದಕ್ಕೆ ಮುಂಚೆ ಮಾಡ್ತಿರಲಿಲ್ವಾ?”

“ಮಾಡ್ತಿದ್ವಿ. ಇಷ್ಟು ಜೋರಾಗಲ್ಲ.”

ನಾನು ಫೋನಿನ ಮೇಲೆ ಕೈಯಿಟ್ಟುಕೊಂಡು ನಕ್ಕೆ. ನಗು ನಿಂತ ಮೇಲೆ ಬೆಂಚಿನ ಕಡೆ ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು.

ಆಗುತ್ತಿದ್ದದ್ದು ಇಷ್ಟು. ಪಕ್ಕದಲ್ಲೇ ಒಬ್ಬ ಕಂಡಕ್ಟರ್ ಕೂತಿದ್ದರಿಂದ ಹೋಲಿಕೆಗೆ ನಾನು ದೂರ ಹೋಗಬೇಕಿಲ್ಲ. ಬಸ್ಸಿಗೆ ಹೊಸ ಕಂಡಕ್ಟರ್ ಬಂದ ದಿನ ಪಾಸು ತೆಗೆದು ತೋರಿಸಬೇಕು. ಅವನು ಒಮ್ಮೆ ನೋಡಿಕೊಂಡರೆ, ಮರುದಿನದಿಂದ ‘ಪಾಸು’ ಎಂದು ಬಾಯಲ್ಲಿ ಹೇಳಿದರೆ ಸಾಕು, ಮುಖ ನೋಡಿ ಬಿಡುತ್ತಾನೆ. ಹೊಸ ಸರ್ವರಿನ ಡೇಟಾಬೇಸ್ ಪಾಸ್‌ವರ್ಡನ್ನು ಒಪ್ಪಿಕೊಳ್ಳುವ ಕ್ರಮವೂ ಹಾಗೇ. ಮೊದಲ ಸಲ ಮಾತ್ರ ಪೂರ್ತಿ ತಪಾಸಣೆ. ಅದನ್ನು ಬಯಲಲ್ಲಿ ಮಾಡುವುದಿಲ್ಲ, ದಾರಿಯಲ್ಲಿ ಯಾರೂ ಕದ್ದು ಕೇಳಲಾಗದಂತೆ ಗೂಢಲಿಪಿಯ ಸಂಪರ್ಕದಲ್ಲೇ ಆಗಬೇಕು. ಒಮ್ಮೆ ಆಯಿತೆಂದರೆ ಆ ಹೆಸರನ್ನು ನೆನಪಿಟ್ಟುಕೊಂಡು, ಮುಂದೆ ಸಾದಾ ಸಂಪರ್ಕದಲ್ಲಿ ಬಂದರೂ ಸುಲಭವಾಗಿ ಒಳಗೆ ಬಿಡುತ್ತದೆ. ಆದರೆ ಆ ನೆನಪು ಯಂತ್ರ ಓಡುತ್ತಿರುವತನಕ ಮಾತ್ರ. ಆರಿಸಿ ಹೊತ್ತಿಸಿದರೆ ಎಲ್ಲ ಮರೆತುಹೋಗುತ್ತದೆ. ಪಾಸ್‌ವರ್ಡ್ ಬದಲಿಸಿದರೂ ಆ ಹೆಸರಿನ ನೆನಪು ಹೋಗುತ್ತದೆ.

ನರಸೀಪುರದ ವೆಬ್ ಸರ್ವರಿನಲ್ಲಿ ಗೂಢಲಿಪಿಯನ್ನು ಯಾರೋ ಪುಣ್ಯಾತ್ಮ ಆಫ್ ಮಾಡಿಟ್ಟಿದ್ದ. ಆದ್ದರಿಂದ ಮೊದಲ ತಪಾಸಣೆ ಅದರ ಕೈಯಲ್ಲಿ ಎಂದೂ ಆಗುತ್ತಿರಲಿಲ್ಲ. ಇಂಜಿನಿಯರ್ ಪಾಸ್‌ವರ್ಡ್ ಬದಲಿಸಿ, ‘ಟೆಸ್ಟ್’ ಮಾಡಲೆಂದು ತನ್ನ ಲ್ಯಾಪ್‌ಟಾಪಿನಿಂದ ಅದೇ ಹೆಸರಿನಲ್ಲಿ ಹೋಗುತ್ತಿದ್ದನಲ್ಲ, ಅವನ ಲ್ಯಾಪ್‌ಟಾಪಿನಲ್ಲಿ ಗೂಢಲಿಪಿ ಇತ್ತು. ಡೇಟಾಬೇಸ್ ಆಗ ಆ ಹೆಸರನ್ನು ನೆನಪಿಟ್ಟುಕೊಳ್ಳುತ್ತಿತ್ತು. ಅವನ ನೆರಳಲ್ಲಿ ನರಸೀಪುರವೂ ಒಳಗೆ ನುಸುಳುತ್ತಿತ್ತು. ಅವನ ಔಷಧಿ ಸುಳ್ಳು, ಔಷಧಿ ಕೆಲಸ ಮಾಡಿತೇ ಎಂದು ನಾಡಿ ಹಿಡಿದು ನೋಡಿದ್ದೇ ಔಷಧಿ. ನನ್ನ ಪ್ರಸಿದ್ಧ ಕೈಗುಣವೂ ಅಷ್ಟೇ. ಇನ್ನು ಆಡಳಿತಾಧಿಕಾರಿಗಳು ರೋಗ ಬಾರದಿರಲೆಂದು ಮಾಡಿಸುತ್ತಿದ್ದ ಪೂಜೆಯಿಂದಲೇ ರೋಗ ಬರುತ್ತಿತ್ತು. ರೋಗ ಬಂದಷ್ಟೂ ಪೂಜೆ ಜೋರಾಗುತ್ತಿತ್ತು.

ನಾನು ಲ್ಯಾಪ್‌ಟಾಪಿನಿಂದ ವೆಬ್ ಸರ್ವರಿನ ಹೆಸರಿನಲ್ಲಿ ಒಮ್ಮೆ ಹೋಗಿ ಬಂದೆ. ಪರದೆ ತೆರೆಯಿತು. ಕಂಡಕ್ಟರನ್ನು ಹೆಂಡತಿ ಮತ್ತು ಟೆಕ್ನಿಷಿಯನ್ ಸೇರಿ ಹಿಡಿದು ಒಳಗೆ ಕರೆದುಕೊಂಡು ಹೋದರು. ಬೆಳಗಿನ ಹೊತ್ತು ಬಹಳ ಕಳೆದಿತ್ತು, ಮಧ್ಯಾಹ್ನದ ಪಾಳಿಯವರು ಬರುವುದಿದ್ದುದರಿಂದ ಅವರಿಗೆ ಪೂರ್ತಿ ಹೊತ್ತು ಸಿಗಲಿಲ್ಲ. “ಅರ್ಧ ಟಿಕೆಟ್ ಕೊಟ್ರು” ಎಂದು ನಗಾಡಿಕೊಂಡೇ ಹೋದರು.

ಮಧ್ಯಾಹ್ನ ನಾನು ಆಡಳಿತಾಧಿಕಾರಿಗಳಿಗೆ ವಿಷಯ ತಿಳಿಸಿದೆ. ಅವರ ದನಿ ಬದಲಾಯಿತು.

“ಪೂಜೆಯಿಂದ ಕೆಡುತ್ತೆ ಅಂತೀರಾ ಮೇಡಂ?”

“ಆಫ್ ಮಾಡೋದ್ರಿಂದ ಅಂತೀನಿ.”

“ಆಫ್ ಮಾಡೋದು ಪೂಜೆಯ ಒಂದು ಅಂಗ. ಅಂದ್ರೆ ಪೂಜೆಯಿಂದ ಅಂತಲೇ ಆಯ್ತಲ್ಲ. ನೀವು ಓದಿರೋರು, ಇಂಥ ಮಾತು ಆಡಬಾರದು.”

ಇಂಜಿನಿಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ಗೂಢಲಿಪಿ ನಾನೇ ಆಫ್ ಮಾಡಿದ್ದು ಮೇಡಂ, ಹಿಂದೆ ಏನೋ ಸರ್ಟಿಫಿಕೇಟ್ ಎರರ್ ಬರ್ತಿತ್ತು. ಅಷ್ಟೊಂದು ತೊಂದ್ರೆ ಅಂದ್ರೆ ಪಾಸ್‌ವರ್ಡೇ ತೆಗೆದುಬಿಡೋಣ ಬಿಡಿ. ನಮ್ದೇ ಲೈನು, ಯಾರ್ ಬರ್ತಾರೆ?” ಎಂದ. ಬಾಗಿಲ ಚಿಲಕ ಬಿಗಿಯಾಗಿದೆ ಎಂದರೆ ಬಾಗಿಲನ್ನೇ ಕಿತ್ತುಹಾಕುವ ಬಡಗಿ. ಊರವರ ಕಾಯಿಲೆಗಳೆಲ್ಲ ಆ ಬಾಗಿಲ ಹಿಂದೆ ಇವೆ ಎಂಬುದು ಅವನ ತಲೆಗೆ ಹೋಗುವಂತಿರಲಿಲ್ಲ. ಬೈದು ಫೋನ್ ಇಟ್ಟೆ.

ನನ್ನೆದುರು ಸುಲಭದ ದಾರಿಯೊಂದಿತ್ತು. ಪೂಜೆಯ ದಿನ ಸರ್ವರ್ ಆರಿಸಬಾರದು ಎಂದು ಸಂಸ್ಥೆಯ ಮೇಲಿನವರಿಗೆ ಬರೆದು, ಆಡಳಿತಾಧಿಕಾರಿಗಳ ಜೊತೆ ಜಗಳಕ್ಕೆ ನಿಲ್ಲಬಹುದಿತ್ತು. ಜಗಳ ನನಗೆ ಇಷ್ಟವೇ. ಗೆಲ್ಲುವುದೂ ಖಚಿತವಿತ್ತು. ಆದರೆ ಗೆದ್ದ ಮೇಲೆ ಒಂದು ದಿನ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ? ಆಗಲೂ ಆ ಬೆಂಚಿನ ಮೇಲೆ ಯಾರೋ ಕಾಲು ಊದಿಸಿಕೊಂಡು ಕೂತಿರುತ್ತಾರೆ. ಇವರನ್ನು ತಿದ್ದುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಪೂಜೆಯನ್ನು ಅದರ ಪಾಡಿಗೆ ಬಿಟ್ಟು, ಸರ್ವರನ್ನು ಎಷ್ಟು ಸಲ ಆರಿಸಿದರೂ ಕೆಡದಂತೆ ಮಾಡುವುದು ಎಂದು ತೀರ್ಮಾನಿಸಿದೆ. ಪಾಳಿಗಳು ಮುಗಿದ ಮೇಲೆ ವೆಬ್ ಸರ್ವರ್ ನನಗೆ ಬಿಟ್ಟುಕೊಡಬೇಕು, ಇಂಜಿನಿಯರ್ ಅದನ್ನು ಮುಟ್ಟಬಾರದು, ಇವೆರಡೇ ಷರತ್ತು ಹಾಕಿದೆ. ಪೂಜೆಯ ಮಾತೆತ್ತದಿದ್ದರೆ ಏನು ಬೇಕಾದರೂ ಮಾಡಿಕೊಳ್ಳಿ ಎಂದರು ಆಡಳಿತಾಧಿಕಾರಿಗಳು.

ನಂಜನಗೂಡಿನ ಡೇಟಾಬೇಸಿನ ಗುರುತಿನ ಪತ್ರ, ಅಂದರೆ ಸರ್ಟಿಫಿಕೇಟ್, ತಂದು ವೆಬ್ ಸರ್ವರಿಗೆ ಹಾಕಿ ಗೂಢಲಿಪಿ ಹೊತ್ತಿಸಿದೆ. ತಕ್ಷಣ ಒಂದು ದೂರು ಬಂತು. ಈ ಪತ್ರದ ಅವಧಿ ಇನ್ನೂ ಶುರುವಾಗಿಲ್ಲವಂತೆ. ಶುರುವಾಗಿಲ್ಲವೇ? ಯಂತ್ರದ ತಾರೀಖು ನೋಡಿದರೆ ಅದು ಹಲವು ವರ್ಷ ಹಿಂದೆ ಬದುಕುತ್ತಿತ್ತು. ಒಳಗಿನ ಗಡಿಯಾರದ ಸೆಲ್ ಸತ್ತು, ಕರೆಂಟ್ ಹೋದಾಗಲೆಲ್ಲ ಅದು ತನ್ನ ಹುಟ್ಟಿದ ದಿನಕ್ಕೆ ಓಡಿಹೋಗುತ್ತಿತ್ತು. ಇಂಜಿನಿಯರನಿಗೆ ಹಿಂದೆ ಬಂದ ‘ಏನೋ ಎರರ್’ ಇದೇ ಇರಬೇಕು. ಸೆಲ್ ಬದಲಿಸುವ ಬದಲು ಅವನು ಕಾವಲನ್ನೇ ಮನೆಗೆ ಕಳಿಸಿದ್ದ. ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ಅಂಗಡಿಗೆ ಹೋಗಿ ಬಟನ್ ಸೆಲ್ ಕೇಳಿದೆ. ಯಾವ ವಾಚಿಗೆ ಎಂದರು. ಆಸ್ಪತ್ರೆಗೆ ಎಂದೆ. ಅವರು ಇನ್ನೇನೂ ಕೇಳದೆ ಕೊಟ್ಟರು.

ಗಡಿಯಾರ ಸರಿಯಾಯಿತು. ಈಗ ಎರಡನೆಯ ದೂರು. ಡೇಟಾಬೇಸಿನೊಡನೆ ಮಾತಾಡುವ ಡ್ರೈವರ್ ಎಂಬ ತಂತ್ರಾಂಶದ ತುಣುಕು ಬಹಳ ಹಳೆಯದು, ಅದಕ್ಕೆ ಬರುತ್ತಿದ್ದ ಗೂಢಲಿಪಿಯೂ ಅಷ್ಟೇ ಹಳೆಯದು, ಡೇಟಾಬೇಸ್ ಅದನ್ನು ಒಪ್ಪುವುದನ್ನೇ ಬಿಟ್ಟಿದೆ. ಡ್ರೈವರ್ ಬದಲಿಸಿದೆ. ಬಾಗಿಲು ತೆರೆಯಿತು, ಪರದೆ ಬಂತು, ಟೆಕ್ನಿಷಿಯನ್ ಹುಡುಗಿ ಕಿರುಚಿಕೊಂಡಳು. ರೋಗಿಗಳ ಹೆಸರುಗಳೆಲ್ಲ ಮಾಯವಾಗಿ ಸಾಲಿಗೆ ಸಾಲು ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು.

“ಮೇಡಂ, ಯಾರು ಯಾರು ಅಂತ ಎಂಗ್ ಗೊತ್ತಾಯ್ತದೆ? ಎಲ್ರೂ ಓದ್ರಾ?”

“ಯಾರೂ ಹೋಗಿಲ್ಲ. ಕನ್ನಡ ಅಕ್ಷರ ಓದೋಕೆ ಅದಕ್ಕೆ ಇನ್ನೂ ಹೇಳಿಕೊಟ್ಟಿಲ್ಲ” ಎಂದೆ. ಒಳಗೆ ಹೋಗಿ ನೋಡಿದೆ, ಡೇಟಾಬೇಸಿನಲ್ಲಿ ಹೆಸರುಗಳು ನೆಟ್ಟಗಿದ್ದವು. ಹಳೆಯ ಡ್ರೈವರ್ ಅಕ್ಷರಗಳನ್ನು ತಾನಾಗಿ ಊಹಿಸಿಕೊಳ್ಳುತ್ತಿತ್ತು, ಹೊಸದಕ್ಕೆ ಬಾಯಿಬಿಟ್ಟು ಹೇಳಬೇಕು. ಒಂದು ಸಾಲು ಸೇರಿಸಿದೆ. ಪ್ರಶ್ನೆಗಳೆಲ್ಲ ಮತ್ತೆ ಮನುಷ್ಯರಾದವು.

ಕೊನೆಗೆ ಪರೀಕ್ಷೆ ಆಗಬೇಕಿತ್ತು. ಡೇಟಾಬೇಸಿನ ನೆನಪು ಅಳಿಸಲು ಯಂತ್ರ ಆರಿಸಲೇಬೇಕೆಂದಿಲ್ಲ, ಅನುಮತಿಗಳನ್ನೆಲ್ಲ ಹೊಸದಾಗಿ ಓದಿಕೋ ಎಂದು ಒಂದು ಆಜ್ಞೆ ಕೊಟ್ಟರೆ ಸಾಕು. ಆಜ್ಞೆ ಕೊಟ್ಟೆ. ಮರೆಯಿತು. ನರಸೀಪುರ ಬಾಗಿಲು ತಟ್ಟಿತು, ತಾನೇ ಗೂಢಲಿಪಿಯಲ್ಲಿ ಪಾಸ್‌ವರ್ಡ್ ಹೇಳಿತು, ಯಾರ ನೆರಳೂ ಇಲ್ಲದೆ ಒಳಗೆ ಹೋಯಿತು. ಮತ್ತೆ ಮತ್ತೆ ಮರೆಸಿದೆ, ಮತ್ತೆ ಮತ್ತೆ ಹೋಯಿತು. ಗೂಢಲಿಪಿ ಇಲ್ಲದೆ ಬಂದರೆ ಆ ಹೆಸರನ್ನು ಒಳಗೇ ಬಿಡಬೇಡ ಎಂದು ಡೇಟಾಬೇಸಿಗೆ ಹೇಳಿದೆ, ಇನ್ನು ಯಾವ ಪುಣ್ಯಾತ್ಮನೂ ಅದನ್ನು ಆಫ್ ಮಾಡುವಂತಿಲ್ಲ. ಇಂಜಿನಿಯರನಿಗೆ ಬೇರೆಯೇ ಹೆಸರು ಕೊಟ್ಟೆ, ನೋಡಬಹುದು, ಮುಟ್ಟುವಂತಿಲ್ಲ. ಅವನು ಆಡಳಿತಾಧಿಕಾರಿಗಳಿಗೆ ನನ್ನ ಮೇಲೆ ದೂರು ಹೇಳಿದನಂತೆ. ಹೇಳಲಿ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ನಾನು ಮತ್ತೆ ನರಸೀಪುರದಲ್ಲಿದ್ದೆ. ಕರೆದವರಿಲ್ಲ, ನಾನೇ ಹೋದೆ. ನಂಜನಗೂಡಿನಲ್ಲಿ ಸರ್ವರ್ ಆರಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಕಂಡಿತು. ಅಲ್ಲಿ ಒರೆಸುತ್ತಿದ್ದಾರೆ, ವಿಭೂತಿ ಹಚ್ಚುತ್ತಿದ್ದಾರೆ ಎಂದು ಲೆಕ್ಕ ಹಾಕುತ್ತ ಕೂತೆ. ಸರ್ವರ್ ಹೊತ್ತಿತು. ಟೆಕ್ನಿಷಿಯನ್ ಹುಡುಗಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಪರದೆ ಕುಂಟು ನೆಪವಿಲ್ಲದೆ ತೆರೆದುಕೊಂಡಿತು. ಬೆಳಗಿನ ಪಾಳಿಯ ಮೊದಲ ಹೆಸರು ಕಂಡಕ್ಟರದ್ದೇ. ಯಂತ್ರ ತೊಳೆದು ಸಿದ್ಧವಾಗಿತ್ತು, ಹಾಸಿಗೆಗೆ ಹೊದಿಕೆ ಹಾಕಿತ್ತು.

ಕಂಡಕ್ಟರ್ ಬಂದಿರಲಿಲ್ಲ.

“ಅವ್ರು ಬರಲ್ಲ ಮೇಡಂ. ಅಮಾಸೆ ದಿನ ತನ್ಗೆ ಆಗಲ್ಲ ಅಂತ ಮೊದ್ಲೇ ಏಳಿ ಓಗವ್ರೆ” ಎಂದಳು ಟೆಕ್ನಿಷಿಯನ್.

ಅಷ್ಟರಲ್ಲಿ ಆಡಳಿತಾಧಿಕಾರಿಗಳ ಫೋನ್ ಬಂತು. “ಓಪನ್ ಆಯ್ತಾ ಮೇಡಂ? ಆಯ್ತಲ್ವಾ? ಈ ಸಲ ಎರಡು ಕುಂಬಳಕಾಯಿ ಒಡೆಸಿದೀನಿ ಕಣ್ರೀ!” ನಾನು ಆ ಫೋನ್ ಇಟ್ಟು, ಪರದೆಯಲ್ಲಿದ್ದ ನಂಬರ್ ನೋಡಿ ಕಂಡಕ್ಟರಿಗೆ ಮಾಡಿದೆ.

“ಯಾಕಣ್ಣ ಬರಲಿಲ್ಲ? ಕಂಪ್ಯೂಟರ್ ಸರಿಹೋಗಿದೆ, ಹೊರಡಿ.”

“ಬ್ಯಾಡ ಕಣವ್ವ. ಇವತ್ತು… ಅಮಾಸೆ. ನಾಳೀಕೆ ಬತ್ತೀನಿ.”

“ನಾಳೆ ನಿಮ್ಮ ಪಾಳಿ ಇಲ್ಲ. ಮೆಷಿನ್ ಖಾಲಿ ಸಿಗಲ್ಲ.”

“ಅಂಗಾರೆ… ಮುಂದ್ಲು ಪಾಳಿಗೇ ಬತ್ತೀನಿ ಬುಡಿ.”

ಎರಡು ಪದಕ್ಕೆ ಒಂದು ಉಸಿರು. ಆ ಉಸಿರಿನಲ್ಲಿ ಮುಂದಿನ ಪಾಳಿಯತನಕ ಗೋಡೆಗೆ ಒರಗಿ ಕೂರುವ ಆಲೋಚನೆ ಆತನದು. ನನಗೆ ಸಿಟ್ಟು ಬಂತು, ಭಯವೂ ಆಯಿತು. ತಾಳ್ಮೆ ತಂದುಕೊಂಡು ವಿವರಿಸಿದೆ. ಸರ್ವರ್ ಆರಿಸಿದಾಗ ಅದು ಮುಖ ಮರೆಯುತ್ತಿತ್ತು, ಪಾಸು ತೋರಿಸಲು ನಮ್ಮ ಯಂತ್ರಕ್ಕೆ ಬರುತ್ತಿರಲಿಲ್ಲ, ಈಗ ಕಲಿಸಿದ್ದೇನೆ, ಅಮಾವಾಸ್ಯೆಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು, ಬಸ್ಸು, ಪಾಸು, ಕಂಡಕ್ಟರ್ ಎಲ್ಲ ಸೇರಿಸಿ ಹೇಳಿದೆ. ಆತ ಪೂರ್ತಿ ಕೇಳಿಸಿಕೊಂಡರು.

“ಪಾಸು ತೋರ್ಸದು ನಂಗೊತ್ತಿಲ್ವಾ ಮೇಡಮ್ನೋರೇ. ಅದೆಲ್ಲ ದಿಟ. ಆದ್ರೆ… ಅಮಾಸೆಗೇನ್ ಮಾಡುದ್ರಿ?”

ಗೂಢಲಿಪಿ, ಸರ್ಟಿಫಿಕೇಟು, ಡ್ರೈವರು, ವಾಚಿನ ಸೆಲ್ಲು, ಯಾವುದೂ ಅಮಾವಾಸ್ಯೆಗೆಂದು ಮಾಡಿದ್ದಲ್ಲ. ಖಾಲಿ ಹಾಸಿಗೆಯನ್ನು ನೋಡಿದೆ. ನಾನು ಇಷ್ಟು ದಿನ ಯಾವ ಮಾತಿಗೆ ಉಗಿಯುತ್ತಿದ್ದೆನೋ ಅದೇ ಮಾತು ನನ್ನ ಬಾಯಿಂದ ಬಂತು.

“ಕುಂಬಳಕಾಯಿ ಒಡೆಸಿದಾರೆ ಅಣ್ಣ. ಎರಡು.”



“ಎಲ್ಡಾ?”

“ಎರಡು. ಒಂದು ನಂಜನಗೂಡಿಗೆ, ಒಂದು ನರಸೀಪುರಕ್ಕೆ. ದೋಷ ಎಲ್ಲ ಹೋಯ್ತು.”

“ಅಯ್ಯೋ, ಮೊದ್ಲೇ ಏಳ್‌ಬಾರ್ದಾ ಅದ? ಲೇ, ಬಟ್ಟೆ ಕೊಡು ಇಲ್ಲಿ, ಬಸ್ಸು ಬರೋ ವತ್ತಾಯ್ತು!”

ಬಸ್ಸಿಳಿದು ಹೆಂಡತಿಯ ಭುಜ ಹಿಡಿದುಕೊಂಡು ಬಂದರು. ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಟೆಕ್ನಿಷಿಯನ್ ಹುಡುಗಿ ನನ್ನ ಕಡೆ ನೋಡಿ ತಲೆಯಾಡಿಸಿದಳು, ಇನ್ನೊಂದು ಪಾಳಿ ತಪ್ಪಿದ್ದರೆ ಎಂಬಂತೆ. ಪರದೆ ನೋಡಿ ಔಷಧಿ ಅಳೆದಳು, ಸೂಜಿ ಚುಚ್ಚಿದಳು. ಕೊಳವೆಯಲ್ಲಿ ರಕ್ತ ಸುತ್ತತೊಡಗಿತು. ಹೊತ್ತು ಇನ್ನೂ ಮೀರಿರಲಿಲ್ಲ, ಈ ಸಲ ಪೂರ್ತಿ ಟಿಕೆಟ್. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂದು, ಬಾಯಿ ತೆರೆದುಕೊಂಡು ನಿದ್ದೆ ಹೋದರು.

ಮಧ್ಯಾಹ್ನ ಆಡಳಿತಾಧಿಕಾರಿಗಳು ಮತ್ತೆ ಫೋನ್ ಮಾಡಿದರು. ಗೆದ್ದವರ ದನಿ.

“ನೋಡಿದ್ರಾ ಮೇಡಂ? ನಂಬಿಕೆ ಇರಬೇಕು ಕಣ್ರೀ. ಬರೋ ಅಮಾವಾಸ್ಯೆಗೆ ಮೂರು ಒಡೆಸೋಣ ಅಂತಿದೀನಿ. ನೀವೇನಂತೀರಿ?”

ಅನ್ನಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಕಂಡಕ್ಟರ್ ನಿದ್ದೆಯಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

“ಎಷ್ಟಾದ್ರೂ ಒಡೆಸಿ ಸಾರ್” ಎಂದೆ. “ಆದ್ರೆ ಒಡೆದ ತಕ್ಷಣ ಕಂಡಕ್ಟರಿಗೆ ನೀವೇ ಫೋನ್ ಮಾಡಿ ಹೇಳಬೇಕು.”